ಅರ್ಧ ಎತ್ತರದ ಗೋಡೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಇನ್ನೊಂದು ಮಾತನ್ನು ಸೇರಿಸಲು ಅವರು ಮರೆತರೇನೋ: ಹಳೆಯ ಮನೆಯನ್ನು ಸ್ವಂತ ಕೈಯಿಂದ, ಅದೇ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಸವಾಗಿದ್ದುಕೊಂಡು ರಿಪೇರಿ ಮಾಡಿ ನೋಡು!

ಪ್ರಿಯ ಓದುಗರೇ, ನಿಮ್ಮಲ್ಲಿ ಕೆಲವರಾದರೂ ಈ ಸಾಹಸಕ್ಕೆ ಕೈ ಹಾಕಿದವರಿದ್ದೀರಿ. ಮೇಸ್ತ್ರಿಯ ಸಂಬಳ ಕೈಗೆ ಎಟುಕಲಿಲ್ಲ. ಇಲ್ಲವೇ ‘ನಮ್ಮ ಮನೆ, ನಾವೇ ಮಾಡೋಣ’ ಎಂಬ ಅಭಿಮಾನ. ರಜೆಯ ದಿನಗಳಲ್ಲಿ, ಸಂಜೆ ಕೆಲಸದಿಂದ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮುಗಿಸಿಬಿಡುವ ಲೆಕ್ಕಾಚಾರ. ಮೊದಲ ವಾರ ಸುತ್ತಿಗೆಯ ಸದ್ದು ಸಂಗೀತದಂತೆ ಕೇಳಿಸಿತು. ಆರನೆಯ ತಿಂಗಳಲ್ಲಿ ಮೂಲೆಯಲ್ಲಿ ಒಣಗಿದ ಕರಣೆಯನ್ನು ಕಂಡರೆ ಮುಖ ತಿರುಗಿಸುವಂತಾಯಿತು. ಅಕ್ಕಿ ಡಬ್ಬದ ಮೇಲೂ ಸಿಮೆಂಟಿನ ಧೂಳು. ಬಂದ ನೆಂಟರು ‘ಇನ್ನೂ ಮುಗಿಯಲಿಲ್ಲವಾ?’ ಎಂದು ಕೇಳಿದರೆ ಎದೆಗೆ ಮೊಳೆ ಹೊಡೆದಂತೆ.

ಇಂಥ ದೀರ್ಘ ಕೆಲಸದ ನಡುವೆ ಮನಸ್ಸು ಕುಗ್ಗದಂತೆ ಉಳಿಯುವುದು ಹೇಗೆ? ಇದು ಕೇವಲ ಹುಮ್ಮಸ್ಸಿನ ಪ್ರಶ್ನೆಯೆಂದು ನಾನು ಬಹಳ ಕಾಲ ತಿಳಿದಿದ್ದೆ. ಇದರೊಳಗೆ ಒಂದು ನೈತಿಕ ಪ್ರಶ್ನೆಯೂ ಅಡಗಿದೆ ಎಂದು ನನಗೆ ಅರ್ಥವಾದದ್ದು ತಡವಾಗಿ. ಆ ತಡವಾದ ಪಾಠವನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದಕ್ಕಾಗಿ ಈ ಬರಹ.

ಸಾವಿರದ ಇನ್ನೂರು ಹಂಚುಗಳು

ನಮ್ಮದು ಕರಾವಳಿಯ ಒಂದು ಸಣ್ಣ ಊರಿನಲ್ಲಿ ತಂದೆಯವರು ಬಿಟ್ಟುಹೋದ ಹಂಚಿನ ಮನೆ. ಕೆಂಪುಕಲ್ಲಿನ ಗೋಡೆ, ಮುಂದೆ ಜಗಲಿ, ನಾಲ್ಕು ಕೋಣೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕಡೆ ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪು ಹಂಚಿನ ಮಾಡುಗಳಾದವು. ನಮ್ಮ ಮನೆಯೂ ಆ ಸಾಲಿನದೇ.

ಮಾಡಿನ ರೀಪುಗಳನ್ನು ಗೆದ್ದಲು ತಿಂದಿತ್ತು. ಗೋಡೆಯ ಗಾರೆಗೆ ಬೆರಳಿನಿಂದ ತಟ್ಟಿದರೆ ಒಳಗೆ ಪೊಳ್ಳು ಸದ್ದು. ಆ ವರ್ಷ ಕ್ರಿಸ್ಮಸ್ ಕಳೆದ ಕೂಡಲೇ ಕೆಲಸ ಶುರು ಮಾಡಿದೆವು. ನಾನು ಶಾಲಾ ಮಾಸ್ತರ. ಶನಿವಾರ ಮಧ್ಯಾಹ್ನ ಮತ್ತು ಬೇಸಿಗೆ ರಜೆ ನನ್ನ ಬಂಡವಾಳ. ಧೂಳು ಅಮ್ಮನಿಗೆ ಆಗಿಬರುವುದಿಲ್ಲವೆಂದು ಅವರನ್ನು ಅಕ್ಕನ ಮನೆಗೆ ಕಳುಹಿಸಿದೆವು. ಬಸ್ಸು ಹತ್ತುವಾಗ ಅವರು ಕೇಳಿದ್ದು ಒಂದೇ ಮಾತು: “ಮಳೆಗೆ ಮೊದಲು ಬರಬಹುದಲ್ಲ, ಮಗ?” “ಬರಬಹುದಮ್ಮ, ನಿಮ್ಮ ಕೋಣೆಯೇ ಮೊದಲು” ಎಂದೆ.

ಸುಮಾರು 1,200 ಹಂಚು. ಒಂದೊಂದೂ ಎರಡರಿಂದ ಮೂರು ಕಿಲೋ ಭಾರ. ನಾನು ಮತ್ತು ಪಕ್ಕದ ಮನೆಯ ಹುಡುಗ ಇಳಿಸಿದೆವು. ನನ್ನ ಹೆಂಡತಿ ಮತ್ತು ಮಕ್ಕಳು ಬಾವಿಕಟ್ಟೆಯ ಬಳಿ ಕೂತು ಬ್ರಷ್ಷಿನಿಂದ ಹಾವಸೆ ತಿಕ್ಕಿ ತೊಳೆದರು. ಆ ದಿನಗಳಲ್ಲಿ ಮನೆಯಲ್ಲಿ ನಗು ಇತ್ತು. ಏಪ್ರಿಲ್ ಮುಗಿಯುವುದರೊಳಗೆ ಮಾಡು ಸಿದ್ಧವಾಯಿತು. ಊರಿನವರು ಹೊಗಳಿದರು. ಆ ಹೊಗಳಿಕೆ ನನ್ನ ತಲೆಗೆ ಏರಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮುಂದಿನದ್ದು ನಿಧಾನವಾಯಿತು. ಗಾರೆ ಕೆಡವುವುದಕ್ಕೆ ಒಂದು ದಿನ ಸಾಕು, ಹಾಕುವುದಕ್ಕೆ ಹತ್ತು ದಿನ ಬೇಕು. ಕೆಡವಿದ ಗಾರೆ, ಒಡೆದ ಕಲ್ಲು, ಹಳೆಯ ರೀಪು ಎಲ್ಲವೂ ಚಾವಡಿಯಲ್ಲಿ ರಾಶಿ ಬಿದ್ದವು. ಒಂದು ಕೋಣೆ ಮುಗಿಯುವ ಮೊದಲೇ ಇನ್ನೊಂದನ್ನು ಕೆಡವಿದೆ. ಕೆಡವುವುದರಲ್ಲಿ ಒಂದು ಸುಖವಿತ್ತಲ್ಲ! ಜೂನ್ ಮೊದಲ ವಾರ ಮಳೆ ಬಂತು. ಮಾಡಿನ ಕೆಳಗೆ ನಾಲ್ಕು ಅರ್ಧ ಕೋಣೆಗಳು. ಪೂರ್ತಿಯಾದದ್ದು ಒಂದೂ ಇಲ್ಲ.

ನಡುಹಾದಿಯ ದಣಿವು

ಹಳೆಯ ಒಡಂಬಡಿಕೆಯ ನೆಹೆಮೀಯನ ಗ್ರಂಥವನ್ನು ನೀವು ಓದಿರಬಹುದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಪರ್ಶಿಯದ ಅರಸನ ಪಾನಸೇವಕನಾಗಿದ್ದ ನೆಹೆಮೀಯನು ಹಾಳುಬಿದ್ದ ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ಕಥೆ ಅದು. ಕೆಲಸ ಮುಗಿದದ್ದು 52 ದಿನಗಳಲ್ಲಿ. ನಾವು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತೇವೆ. ನಡುವೆ ನಡೆದದ್ದನ್ನು ಮರೆಯುತ್ತೇವೆ.

ಗೋಡೆ ಅರ್ಧ ಎತ್ತರಕ್ಕೆ ಬಂದಾಗ ಹೊರಗಿನವರ ಹಗೆ ಮತ್ತು ಗೇಲಿ ಇದ್ದೇ ಇತ್ತು. ಅದರ ಜೊತೆಗೆ ಒಳಗಿನವರ ಗೊಣಗಾಟವೂ ಶುರುವಾಯಿತು. ಹೊರುವವರ ಶಕ್ತಿ ಕುಂದಿತು, ಹಾಳುಮಣ್ಣು ಬಹಳವಾಗಿದೆ, ಇನ್ನು ನಮ್ಮಿಂದ ಕಟ್ಟಲಾಗದು ಎಂಬುದು ಅವರ ಅಳಲು. ಗಮನಿಸಿ: ಅವರು ಸೋತದ್ದು ಆರಂಭದಲ್ಲಲ್ಲ, ಕೊನೆಯಲ್ಲೂ ಅಲ್ಲ, ಅರ್ಧ ಎತ್ತರದಲ್ಲಿ. ಕಂಗೆಡಿಸಿದ್ದು ಮುಂದೆ ಏರಿಸಬೇಕಾದ ಕಲ್ಲುಗಳಿಗಿಂತಲೂ ಕಾಲ ಕೆಳಗೆ ಬಿದ್ದಿದ್ದ ಹಾಳುಮಣ್ಣು. ನನ್ನ ಚಾವಡಿಯ ರಾಶಿಯನ್ನು ಅವರು ನೋಡಿ ಬರೆದರೋ ಎನಿಸಿತು!

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಎವಾಗ್ರಿಯಸ್ ಎಂಬ ಸನ್ಯಾಸಿ ಈ ಸ್ಥಿತಿಗೆ ಒಂದು ಹೆಸರನ್ನೇ ಕೊಟ್ಟಿದ್ದರು: ನಡುಹಗಲಿನ ದೆವ್ವ. ಬೆಳಗಿನ ಹುರುಪು ಇಳಿದಿರುತ್ತದೆ, ಸಂಜೆ ಇನ್ನೂ ದೂರ. ಸೂರ್ಯ ನಿಂತಲ್ಲೇ ನಿಂತಂತೆ ಕಾಣುತ್ತಾನೆ. ದಿನಕ್ಕೆ 50 ಗಂಟೆಗಳಿವೆಯೇನೋ ಎಂಬ ಭಾವ. ಸನ್ಯಾಸಿ ಕಿಟಕಿಯಿಂದ ಮತ್ತೆ ಮತ್ತೆ ಹೊರಗೆ ನೋಡುತ್ತಾನೆ. ಇದ್ದ ಸ್ಥಳದ ಮೇಲೆ, ಕೈಕೆಲಸದ ಮೇಲೆ ಜುಗುಪ್ಸೆ ಹುಟ್ಟುತ್ತದೆ. ಬೇರೆಲ್ಲಾದರೂ ಹೋದರೆ ಎಲ್ಲ ಸರಿಯಾದೀತು ಎನಿಸುತ್ತದೆ. ನೀವು ಅರ್ಧ ಬಳಿದ ಗೋಡೆಯ ಮುಂದೆ ಕುಳಿತು ‘ಈ ಮನೆಯನ್ನು ಮಾರಿಬಿಟ್ಟರೆ?’ ಎಂದು ಯೋಚಿಸಿದ್ದರೆ, ನಾಚಿಕೆಪಡಬೇಡಿ. ಹದಿನಾರು ಶತಮಾನಗಳ ಹಿಂದಿನ ತಪಸ್ವಿಗಳಿಗೂ ಆ ಯೋಚನೆಯ ಪರಿಚಯವಿತ್ತು.

ಆದ್ದರಿಂದ ಮೊದಲನೆಯ ಸಮಾಧಾನ ಇದು: ನಡುವಿನ ದಣಿವು ನಿಮ್ಮ ಸ್ವಭಾವದ ದೋಷವಲ್ಲ. ದೀರ್ಘವಾದ ಪ್ರತಿಯೊಂದು ಕೆಲಸಕ್ಕೂ ಅದು ಬಂದೇ ಬರುತ್ತದೆ. ಹಡಗಿಗೆ ಸಮುದ್ರದ ನಡುವಿನಲ್ಲಿ ಎರಡೂ ದಡ ಕಾಣದಿರುವಂತೆ.

ಸ್ಥೈರ್ಯವೋ, ಹಠವೋ?

ದಣಿವು ಸಹಜವಾದರೆ, ಹಲ್ಲು ಕಚ್ಚಿ ಮುಂದುವರಿಯುವುದೇ ಧರ್ಮವೆ? ಇಲ್ಲಿ ನಾನು ಎಡವಿದೆ.

ಆ ಮಳೆಗಾಲದಲ್ಲಿ ನಮ್ಮೂರ ಬಡಗಿ ಬಂದು ಅಮ್ಮನ ಕೋಣೆಯ ಬಾಗಿಲು ನೋಡಿದರು. ದಾರಂದದ ಬುಡವನ್ನು ಗೆದ್ದಲು ತಿಂದಿತ್ತು. “ಮಾಷ್ಟ್ರೇ, ಇದು ಎರಡು ದಿನದ ಕೆಲಸ. ನಾನು ಮಾಡಿ ಕೊಡ್ತೇನೆ, ಹಣ ನಿಧಾನಕ್ಕೆ ಕೊಡಿ” ಎಂದರು. ನಾನು ನಗುತ್ತಾ “ಬೇಡ ಆಚಾರ್ರೇ, ಕಲಿತು ನಾನೇ ಮಾಡ್ತೇನೆ” ಎಂದೆ. ಹಲಸಿನ ಮರದ ಆ ಹಳೆಯ ಬಾಗಿಲಿನ ಬಣ್ಣವನ್ನು ಪದರ ಪದರವಾಗಿ ಕೆರೆದು, ಮರದ ಹಳದಿಯನ್ನು ಹೊರತರಬೇಕೆಂಬುದು ನನ್ನ ಹಂಬಲ. ನೆಲಕ್ಕೆ ರೆಡ್ ಆಕ್ಸೈಡನ್ನೂ ನಾನೇ ಹಾಕಿದೆ. ಬಿರುಕು ಬಿಟ್ಟಿತು. ಕಿತ್ತು ಮತ್ತೆ ಹಾಕಿದೆ. ತಿಂಗಳುಗಳು ಉರುಳಿದವು.

ಒಂದು ರಾತ್ರಿ ನನ್ನ ಹೆಂಡತಿ, ಟಾರ್ಪಾಲಿನ ಮರೆಯಲ್ಲಿ ಅನ್ನ ಬಡಿಸುತ್ತಾ, ಬಹಳ ಮೆತ್ತಗೆ ಕೇಳಿದಳು: “ನೀವು ಈ ಕೋಣೆಯನ್ನು ಅಮ್ಮನಿಗಾಗಿ ಮಾಡ್ತಿದ್ದೀರಾ, ಅಥವಾ ನಿಮಗಾಗಿಯಾ?”

ನನಗೆ ಸಿಟ್ಟು ಬಂತು. ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಸತ್ಯವಾದ ಮಾತಿಗೆ ಬರುವ ಸಿಟ್ಟಿಗೆ ಉತ್ತರವಿರುವುದಿಲ್ಲ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸ್ಥೈರ್ಯದ ಬಗ್ಗೆ ಬರೆಯುತ್ತಾ ಅದರ ಇಬ್ಬದಿಗಳಲ್ಲಿ ಎರಡು ದೋಷಗಳನ್ನು ಗುರುತಿಸುತ್ತಾರೆ. ಒಂದು, ಕಷ್ಟ ಬಂದೊಡನೆ ಕೈಬಿಡುವ ಮೆತುತನ. ಇನ್ನೊಂದು, ಬಿಡಬೇಕಾದಲ್ಲಿಯೂ ಬಿಡದ ಹಠಮಾರಿತನ. ನಿಜವಾದ ಸ್ಥೈರ್ಯ ಇವೆರಡರ ನಡುವೆ ನಡೆಯುತ್ತದೆ. ನಾವು ಮೊದಲನೆಯ ದೋಷವನ್ನು ಬೇಗ ಗುರುತಿಸುತ್ತೇವೆ. ಅದಕ್ಕೆ ‘ಆರಂಭಶೂರತ್ವ’ ಎಂಬ ಚುರುಕಾದ ಹೆಸರೂ ನಮ್ಮಲ್ಲಿದೆ. ಎರಡನೆಯದು ಗುಣದ ವೇಷ ಹಾಕಿಕೊಂಡು ಬರುವುದರಿಂದ ನಮ್ಮನ್ನು ಮೋಸಗೊಳಿಸುತ್ತದೆ. ಅದರ ತಾಯಿ ಯಾರೆಂಬುದನ್ನೂ ಅಕ್ವಿನಾಸರು ಹೇಳುತ್ತಾರೆ: ಒಣ ಹೆಮ್ಮೆ, ಜನರ ಕಣ್ಣಿನಲ್ಲಿ ದೊಡ್ಡವನಾಗುವ ಆಸೆ.

ಹಾಗಾದರೆ ಎರಡನ್ನು ಬೇರ್ಪಡಿಸಿ ನೋಡುವುದು ಹೇಗೆ? ನನಗೆ ಸಿಕ್ಕಿದ ಒರೆಗಲ್ಲು ಇದು. ಸ್ಥೈರ್ಯವುಳ್ಳವನ ಕಣ್ಣು ಗುರಿಯ ಮೇಲಿರುತ್ತದೆ, ಆದ್ದರಿಂದ ದಾರಿಯನ್ನು ಬದಲಿಸಲು ಅವನು ಹೆದರುವುದಿಲ್ಲ. ಹಠಮಾರಿಯ ಕಣ್ಣು ತನ್ನ ಮೇಲೆಯೇ ಇರುತ್ತದೆ, ಆದ್ದರಿಂದ ಬೇರೆಯವರ ಕೈ ತಾಗಿದರೆ ಕೆಲಸವೇ ಕೆಟ್ಟಿತೆಂದು ಅವನಿಗೆ ತೋರುತ್ತದೆ. ನನ್ನ ಗುರಿ ಅಮ್ಮ ಮನೆಗೆ ಬರುವುದಾಗಿದ್ದರೆ, ಬಡಗಿಯ ಎರಡು ದಿನಗಳಿಗೆ ನಾನು ಕೈ ಮುಗಿಯಬೇಕಿತ್ತು.

ಕೊನೆಗೂ ಡಿಸೆಂಬರಿನಲ್ಲಿ ಅವರ ಮನೆ ಬಾಗಿಲಿಗೆ ಹೋದೆ. ಅವರು ಒಂದು ಮಾತೂ ಆಡಿ ತೋರಿಸಲಿಲ್ಲ. ಬಂದು, ದಾರಂದದ ಬುಡ ಕತ್ತರಿಸಿ ಹೊಸ ಮರ ಕೂಡಿಸಿ, ಬಾಗಿಲು ನಿಲ್ಲಿಸಿದರು. ಹೇಳಿದಂತೆ ಎರಡೇ ದಿನ. ಜನವರಿಯಲ್ಲಿ ಅಮ್ಮ ಬಂದರು. ಹೊಸ ನೆಲದ ಮೇಲೆ ಬರಿಗಾಲಿನಲ್ಲಿ ನಿಧಾನವಾಗಿ ನಡೆದು, ಹಾಸಿಗೆಯ ಅಂಚಿನಲ್ಲಿ ಕುಳಿತು “ತಂಪುಂಟು” ಎಂದರು. ಬಾಗಿಲಿನ ಹಳದಿಯನ್ನು ಅವರು ನೋಡಲೇ ಇಲ್ಲ.

ಆ ಕೋಣೆಯಲ್ಲಿ ಅಮ್ಮ ಎರಡು ಮಳೆಗಾಲ ಕಳೆದರು. ಮೂರು ಆಗಬಹುದಿತ್ತು.

ಕೆಲವು ಕೈಗಂಟುಗಳು

ಇನ್ನು, ಕೆಲಸದ ನಡುವೆ ಇರುವ ಓದುಗರಿಗೆ ನನ್ನ ಅನುಭವದಿಂದ ಕೆಲವು ಸಲಹೆಗಳು. ಇವುಗಳಲ್ಲಿ ಹೆಚ್ಚಿನವನ್ನು ನಾನು ತಪ್ಪಿ ಕಲಿತವು.

ಒಂದು: ಮೊದಲು ಹಾಳುಮಣ್ಣನ್ನು ಹೊರಹಾಕಿ. ಹೊಸ ಕೆಲಸಕ್ಕೆ ಮನಸ್ಸು ಬಾರದ ದಿನ, ಕೆಡವಿದ್ದನ್ನು ಬುಟ್ಟಿಯಲ್ಲಿ ತುಂಬಿ ಅಂಗಳಕ್ಕೆ ಸಾಗಿಸಿ. ಸಂಜೆಗೆ ನೆಲ ಕಂಡರೆ ಮರುದಿನ ಕೈ ತಾನಾಗಿ ಕರಣೆಯ ಕಡೆ ಹೋಗುತ್ತದೆ.

ಎರಡು: ಒಂದು ಕೋಣೆಯನ್ನು ಪೂರ್ತಿ ಮುಗಿಸಿ. ನಾಲ್ಕು ಅರ್ಧಗಳನ್ನು ಕೂಡಿಸಿದರೆ ಗಣಿತದಲ್ಲಿ ಎರಡಾಗುತ್ತದೆ, ಮನೆಯಲ್ಲಿ ಸೊನ್ನೆಯಾಗುತ್ತದೆ. ಧೂಳಿಲ್ಲದ ಒಂದು ಕೋಣೆ ಇದ್ದರೆ ಎಲ್ಲರೂ ಅಲ್ಲಿ ಕೂತು ಊಟ ಮಾಡಬಹುದು, ಮಕ್ಕಳು ಓದಬಹುದು, ಸಂಜೆಯ ಪ್ರಾರ್ಥನೆ ಹೇಳಬಹುದು. ಉಳಿದ ಮೂರು ಕೋಣೆಗಳ ಭರವಸೆ ಆ ಒಂದು ಕೋಣೆಯಲ್ಲಿ ವಾಸ ಮಾಡುತ್ತದೆ. ಆ ಒಂದು ಯಾವುದೆಂದು ನೀವೊಬ್ಬರೇ ತೀರ್ಮಾನಿಸಬೇಡಿ. ಹೆಚ್ಚಿನ ಮನೆಗಳಲ್ಲಿ ಅದು ಅಡುಗೆಮನೆಯೇ. ಆದರೆ ಸುತ್ತಿಗೆ ಹಿಡಿದ ಗಂಡಸರಿಗೆ ಮೊದಲು ಕಾಣುವುದು ಜಗಲಿ, ಏಕೆಂದರೆ ದಾರಿಹೋಕರಿಗೆ ಕಾಣುವುದು ಅದು!

ಮೂರು: ಉತ್ಸಾಹವನ್ನು ಕೂಡಿಡಲು ಹೋಗಬೇಡಿ. 50 ಕಿಲೋದ ಸಿಮೆಂಟು ಚೀಲವನ್ನು ಅಗ್ಗವೆಂದು ತಂದು ತಿಂಗಳುಗಟ್ಟಲೆ ಇಟ್ಟರೆ, ಗಾಳಿಯ ತೇವ ಹೀರಿ ಅದು ಬಲ ಕಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಹವೆಯಲ್ಲಂತೂ ಬೇಗ ಗಂಟು ಕಟ್ಟುತ್ತದೆ. ಹುಮ್ಮಸ್ಸೂ ಹಾಗೆಯೇ. ‘ದೊಡ್ಡ ರಜೆ ಬರಲಿ, ಒಟ್ಟಿಗೆ ಮಾಡೋಣ’ ಎಂದು ಇಟ್ಟದ್ದು ರಜೆ ಬರುವಾಗ ಗಟ್ಟಿಯಾಗಿರುತ್ತದೆ. ದಿನಕ್ಕೆ ಅರ್ಧ ಗಂಟೆಯ ಕೆಲಸ ಸಾಕು: ಒಂದು ಮೊಳೆ, ಒಂದು ಕಿಟಕಿಯ ಒಂದು ಬದಿ. ಹನಿ ಹನಿ ಗೂಡಿದರೆ ಹಳ್ಳ. ಒಂದು ನೋಟುಪುಸ್ತಕದಲ್ಲಿ ಆದ ಕೆಲಸವನ್ನು ತಾರೀಖು ಸಹಿತ ಬರೆದಿಡಿ. ಆಗಬೇಕಾದ ಕೆಲಸದ ಪಟ್ಟಿ ನಮ್ಮನ್ನು ಗದರಿಸುತ್ತದೆ, ಆದ ಕೆಲಸದ ಪಟ್ಟಿ ಬೆನ್ನು ತಟ್ಟುತ್ತದೆ.

ನಾಲ್ಕು: ಕಾಯುವುದೂ ಕೆಲಸವೆಂದು ತಿಳಿಯಿರಿ. ಸಿಮೆಂಟಿನ ಗಾರೆಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಅವಸರ ಮಾಡಿದರೆ ಬಿರುಕು. ಹಳೆಯವರ ಸುಣ್ಣದ ಗಾರೆ ಇನ್ನೂ ನಿಧಾನ. ಅದು ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಸ್ವಲ್ಪ ಸ್ವಲ್ಪವೇ ಹೀರಿಕೊಂಡು ವರ್ಷಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಗೋಡೆಗೇ ವಿರಾಮ ಬೇಕಾದರೆ ಮನುಷ್ಯನಿಗೆ ಬೇಡವೆ? ಭಾನುವಾರ ಸುತ್ತಿಗೆಯನ್ನು ಕೆಳಗಿಡಿ. ಆ ದಿನ ಮಕ್ಕಳಿಗೆ ಅವರ ಅಪ್ಪ ಸಿಗಲಿ.

ಐದು: ಸಹಾಯ ಕೇಳಿ. ವಿದ್ಯುತ್ತಿನ ವೈರಿಂಗು, ಭಾರ ಹೊರುವ ತೊಲೆ, ಇವುಗಳನ್ನು ಗೊತ್ತಿದ್ದವರಿಗೇ ಬಿಡಿ. ಇಲ್ಲಿ ಅಭಿಮಾನಕ್ಕೆ ಪ್ರಾಣದ ಬೆಲೆ ತೆರಬೇಕಾದೀತು. ಉಳಿದ ಕೆಲಸದಲ್ಲಿಯೂ ಒಂಟಿತನವೇ ದೊಡ್ಡ ಶತ್ರು. ಜೆರುಸಲೇಮಿನ ಗೋಡೆ ಕಟ್ಟಿದವರ ಉದ್ದನೆಯ ಹೆಸರಿನ ಪಟ್ಟಿಯನ್ನು ನಾವು ಓದದೆ ದಾಟುತ್ತೇವೆ. ಅದರಲ್ಲಿ ಅಕ್ಕಸಾಲಿಗರಿದ್ದಾರೆ, ಸುಗಂಧದ್ರವ್ಯ ಮಾಡುವವರಿದ್ದಾರೆ, ವ್ಯಾಪಾರಿಗಳಿದ್ದಾರೆ, ತನ್ನ ಹೆಣ್ಣುಮಕ್ಕಳೊಂದಿಗೆ ಬಂದ ಒಬ್ಬ ತಂದೆಯಿದ್ದಾನೆ. ಹಲವರು ಕಟ್ಟಿದ್ದು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು. ಅಸ್ಸಿಸಿಯ ಸಂತ ಫ್ರಾನ್ಸಿಸರು ಪಾಳುಬಿದ್ದ ಸಾನ್ ದಾಮಿಯಾನೊ ದೇವಾಲಯವನ್ನು ಸ್ವಂತ ಕೈಯಿಂದ ದುರಸ್ತಿ ಮಾಡಿದರೆಂದು ನಾವು ಹೇಳುತ್ತೇವೆ, ಅದು ನಿಜ. ಆದರೆ ಅದಕ್ಕೆ ಬೇಕಾದ ಕಲ್ಲುಗಳನ್ನು ಅವರು ಊರ ಬೀದಿಗಳಲ್ಲಿ ಬೇಡಿ ತಂದರು. ಶ್ರೀಮಂತ ಬಟ್ಟೆ ವ್ಯಾಪಾರಿಯ ಮಗನಿಗೆ ಕಲ್ಲು ಹೊರುವುದಕ್ಕಿಂತ ಬೇಡುವುದೇ ಹೆಚ್ಚು ಕಷ್ಟವಾಗಿರಬೇಕು.

ಆರು: ಕೆಲವನ್ನು ಬಿಟ್ಟುಬಿಡಲು ಕಲಿಯಿರಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಮಾತು ಲೂಕನ ಶುಭಸಂದೇಶದಲ್ಲಿದೆ. ಮೊದಲು ಹಾಕದಿದ್ದರೆ ನಡುವೆಯಾದರೂ ಕುಳಿತು ಹಾಕಿ. ಹಣ, ಆರೋಗ್ಯ, ಮನೆಯವರ ತಾಳ್ಮೆ ಮೂರನ್ನೂ ಲೆಕ್ಕಕ್ಕೆ ಸೇರಿಸಿ. ಮೂರರಲ್ಲಿ ಒಂದು ಖಾಲಿಯಾಗುತ್ತಿದ್ದರೆ ಯೋಜನೆಯನ್ನು ಚಿಕ್ಕದು ಮಾಡಿ. ಅದು ಸೋಲಲ್ಲ, ವಿವೇಕ.

ಮುಗಿಯುವುದೆಂದರೇನು?

ನಮ್ಮ ಮನೆ ಮುಗಿಯಿತೆ ಎಂದು ನೀವು ಕೇಳಬಹುದು. ಎರಡು ವರ್ಷ ಒಂದು ತಿಂಗಳಿಗೆ ನಾವು ‘ಮುಗಿಯಿತು’ ಎಂದೆವು. ಆದರೆ ಪ್ರತಿ ಮೇ ತಿಂಗಳಲ್ಲಿ ಈಗಲೂ ಏಣಿ ಹಾಕಿ ಮಾಡು ಹತ್ತುತ್ತೇನೆ. ಕೆಲವು ಹಂಚು ಒಡೆದಿರುತ್ತವೆ, ಕೆಲವು ಜಾರಿರುತ್ತವೆ. ಸರಿಮಾಡಿ ಇಳಿಯುತ್ತೇನೆ. ಹಂಚಿನ ಮನೆಯಲ್ಲಿ ವಾಸಿಸುವುದೆಂದರೆ ವರ್ಷಕ್ಕೊಮ್ಮೆ ಅದನ್ನು ಮತ್ತೆ ಸರಿಪಡಿಸಲು ಒಪ್ಪಿಕೊಳ್ಳುವುದು. ಕುಟುಂಬವೂ ಹಾಗೆಯೇ ಅಲ್ಲವೆ? ‘ಇದೊಂದು ಮುಗಿಯಲಿ, ಆಮೇಲೆ ನೆಮ್ಮದಿಯಾಗಿ ಬಾಳೋಣ’ ಎನ್ನುತ್ತೇವೆ. ಆ ‘ಆಮೇಲೆ’ಗಾಗಿ ಕಾಯುವವರಲ್ಲಿ ಮಕ್ಕಳು ದೊಡ್ಡವರಾಗುತ್ತಾರೆ, ಹಿರಿಯರು ಹೊರಟುಹೋಗುತ್ತಾರೆ.

ಹೀಗಿರುವಾಗ ನಮ್ಮನ್ನು ನಡುಹಾದಿಯಲ್ಲಿ ಎತ್ತಿ ನಿಲ್ಲಿಸುವುದು ಮುಗಿದ ಮನೆಯ ಚಿತ್ರವಲ್ಲ. ಅದು ದೂರದ್ದು, ದಿನೇ ದಿನೇ ಮಸುಕಾಗುತ್ತದೆ. ಆ ಮನೆಯೊಳಗೆ ಇರುವವರ ಮುಖವೇ ನಮ್ಮನ್ನು ಎತ್ತಿ ನಿಲ್ಲಿಸುವುದು. ಯಾರಿಗಾಗಿ ಈ ಗೋಡೆ ಎಂಬುದನ್ನು ನೆನಪಿಟ್ಟವನಿಗೆ ಇಂದು ಏನು ಮಾಡಬೇಕು, ಏನನ್ನು ಬಿಡಬೇಕು, ಯಾರನ್ನು ಕರೆಯಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ನಿಮ್ಮ ಗೋಡೆ ಈಗ ಅರ್ಧ ಎತ್ತರದಲ್ಲಿದೆಯೆ? ಇಂದು ರಾತ್ರಿ ಒಂದು ಮೂಲೆಯನ್ನು ಗುಡಿಸಿ, ಚಾಪೆ ಹಾಸಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ಊಟ ಮಾಡಿ. ಊಟದ ನಡುವೆ ‘ನಿಮಗೆ ಮೊದಲು ಯಾವುದು ಆಗಬೇಕು?’ ಎಂದು ಒಬ್ಬೊಬ್ಬರನ್ನೂ ಕೇಳಿ. ಉತ್ತರ ಕೇಳಿ ಸಿಟ್ಟು ಬಂದರೆ, ಆ ಉತ್ತರವನ್ನು ಇನ್ನೊಮ್ಮೆ ಕೇಳಿ.

ನಾಳೆ ಅಲ್ಲಿಂದ ಶುರು ಮಾಡಿ.